ಅರ್ಧಕ್ಕೆ ನಿಂತ ಅಂಚು

ಇಗರ್ಜಿಯಿಂದ ವಾರಕ್ಕೊಂದು ಮನೆಗೆ ಹೋಗುವ ಪವಿತ್ರಾತ್ಮನ ಬೆಳ್ಳಿ ಕಿರೀಟ ಒಂದು ವಾರ ತನ್ನ ಮನೆಯಲ್ಲೂ ಇರಬೇಕೆಂದು ದಿಯೊಲಿಂದ ಹತ್ತೊಂಬತ್ತು ವರ್ಷ ಚೀಟಿ ಹಾಕಿದ್ದಳು. ಇಪ್ಪತ್ತನೆಯ ವರ್ಷ ಅವಳ ಹೆಸರು ಬಂತು. ಅದೇ ವರ್ಷ ಅವಳ ಅಣ್ಣನ ಮಗಳೂ ಮನೆಗೆ ಬರುವುದಾಯಿತು. "ನಾನು ಕೇಳಿದ್ದು ಒಂದು, ಕರುಣಾಮಯ ಕೊಟ್ಟಿದ್ದು ಎರಡು" ಎಂದು ಇಗರ್ಜಿಯ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದಳು. ಕೊಡುವವನು ಯಾವುದರ ಜೊತೆ ಯಾವುದನ್ನು ಕಟ್ಟಿ ಕೊಡುತ್ತಾನೆಂದು ಮೊದಲೇ ಬಲ್ಲವರು ಯಾರು?

ಫಾಲ್ ರಿವರ್ ಊರಿನ ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಮೂರು ಮನೆಗಳಿರುವ ಮರದ ಕಟ್ಟಡ, ನಡುವಿನದು ಇವರದು. ದಿಯೊಲಿಂದ, ಅವಳ ಗಂಡ ಆದ್ರಿಯಾನು, ಅವಳ ತಾಯಿ ಎಂಬತ್ತಾರರ ಫಿಲೊಮೆನಜ್ಜಿ, ಮೂವರೇ. ಮಕ್ಕಳಾಗಲಿಲ್ಲ. ಆದ್ರಿಯಾನು ಒಂದು ಹೈಸ್ಕೂಲಿನಲ್ಲಿ ನೆಲ ಒರೆಸಿ, ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಸಾಗರದಾಚೆಯ ತಮ್ಮ ದ್ವೀಪ ಬಿಟ್ಟು ಈ ದೇಶಕ್ಕೆ ಬಂದಂದಿನಿಂದ ತಾಯಿ ಮಗಳಿಬ್ಬರೂ ಗುಡ್ಡದ ಕೆಳಗಿನ ಕಲ್ಲಿನ ಮಿಲ್ಲಿನಲ್ಲಿ ಪರದೆಗಳ ಅಂಚು ಹೊಲಿದವರು. ನಾಟಕಶಾಲೆಗೆ, ದೊಡ್ಡ ಹೋಟೆಲಿಗೆ ಹೋಗುವ ಭಾರದ ಪರದೆಗಳು. ಅವುಗಳ ಕೆಳ ಅಂಚನ್ನು ಮಾತ್ರ ಕೈಯಲ್ಲೇ ಹೊಲಿಯಬೇಕು, ಮೇಲಿನಿಂದ ದಾರ ಕಾಣಬಾರದು. ಒಂದೇ ಪರದೆಗೆ ತಾಯಿ ಒಂದು ತುದಿಯಿಂದ, ಮಗಳು ಇನ್ನೊಂದು ತುದಿಯಿಂದ ಹೊರಟು ನಡುವೆ ಸೇರುತ್ತಿದ್ದರು. ಪರದೆಗೆ ಕಟ್ಟುವ ಕೆಲಸದ ಚೀಟಿಯ ಮೇಲೆ ಒಬ್ಬರದೇ ಹೆಸರು. ಯಾರ ಹೊಲಿಗೆ ಎಲ್ಲಿ ಮುಗಿಯಿತು ಎಂಬುದು ಸೂಪರ್‌ವೈಸರ್ ಮೂಗು ತಾಗಿಸಿ ನೋಡಿದರೂ ತಿಳಿಯುತ್ತಿರಲಿಲ್ಲ. ಆ ಮಿಲ್ಲು ಮುಚ್ಚಿ ಆರು ವರ್ಷ. ಈಗ ದಿಯೊಲಿಂದಳ ಎರಡೂ ಮಣಿಕಟ್ಟಿಗೆ ಪಟ್ಟಿ. ನೆರೆಹೊರೆಯವರ ಪ್ಯಾಂಟು ಗಿಡ್ಡ ಮಾಡುವ ಕೆಲಸವನ್ನೂ ತಿಂಗಳಿಗೆ ಎರಡೋ ಮೂರೋ ಹಿಡಿಯುತ್ತಿದ್ದಳು.

ಅಣ್ಣನ ಮಗಳು ಜಸಿಂತ ಜನವರಿಯ ಹಿಮದಲ್ಲಿ ಬಂದಿಳಿದಳು. ಇಪ್ಪತ್ತು ವರ್ಷ. ಪೋರ್ತೊ ನಗರದ ಕಾಲೇಜಿನಲ್ಲಿ ಬಟ್ಟೆಯ ವಿನ್ಯಾಸ ಕಲಿಯುತ್ತಿದ್ದವಳು, ವಿದ್ಯಾರ್ಥಿ ವಿನಿಮಯದ ಮೇಲೆ ಒಂದು ಸೆಮಿಸ್ಟರ್ ಇಲ್ಲಿನ ಡಿಸೈನ್ ಸ್ಕೂಲಿಗೆ ಆಯ್ಕೆಯಾಗಿದ್ದಳು. ಸ್ಕೂಲು ಸೇತುವೆಯಾಚೆಯ ನಗರದಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಲ್ಲಿ ಪಾಸಾದರೆ ಅಲ್ಲಿ ವರ್ಷ ತುಂಬುತ್ತದೆ, ವಿದ್ಯಾರ್ಥಿವೇತನ ಮುಂದುವರಿಯುತ್ತದೆ. ಫೇಲಾದರೆ ಎರಡೂ ಇಲ್ಲ. ಅವಳಪ್ಪ ದ್ವೀಪದಲ್ಲಿ ಬೇರೆಯವರ ಹಸುಗಳ ಹಾಲು ಕರೆಯುವವನು. ಅವನ ಕೈಯಿಂದ ಓದಿಸಲಾಗುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ದಿಯೊಲಿಂದ ತನ್ನ ಹೊಲಿಗೆ ಕೋಣೆಯನ್ನು ಖಾಲಿ ಮಾಡಿ ಅವಳಿಗೆ ಕೊಟ್ಟಳು. ಮೊದಲ ವಾರ ಹುಡುಗಿ ಪ್ರತಿ ಬೆಳಗ್ಗೆ ಬಾಗಿಲಲ್ಲಿ ನಿಂತು, ದ್ವೀಪದ ಮಕ್ಕಳು ಕೇಳುವ ಹಾಗೆ, "ಆಶೀರ್ವಾದ ಮಾಡಿ ಅತ್ತೆ" ಅನ್ನುತ್ತಿದ್ದಳು. "ದೇವರು ನಿನ್ನ ಕಾಯಲಿ" ಎಂದು ಇವಳು ಹಣೆ ಮುಟ್ಟುತ್ತಿದ್ದಳು. ಎರಡನೆಯ ವಾರ ಹುಡುಗಿ ಅದನ್ನು ಮೆಟ್ಟಿಲಿಳಿಯುತ್ತ ಕೂಗಿದಳು. ಮೂರನೆಯ ವಾರ ಸ್ಕೂಲಿನಲ್ಲೇ ಬೆಂಚಿನ ಮೇಲೆ ಮಲಗಿ ಎರಡು ದಿನ ಮನೆಗೇ ಬರಲಿಲ್ಲ.

ಬಂದ ದಿನ ಅವಳು ಅಡುಗೆಮನೆಯಲ್ಲಿ ಏನೋ ಕುದಿಸುತ್ತಿದ್ದಳು. ದಿಯೊಲಿಂದ ಮುಚ್ಚಳ ತೆಗೆದು ನೋಡಿ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು.

"ಇದೇನೇ ಇದು? ನನ್ನ ಸೂಪಿನ ಪಾತ್ರೇಲಿ ತುಕ್ಕು ಮೊಳೆ!"

"ನೂಲಿಗೆ ಕಪ್ಪು ಬಣ್ಣ ಬರ್ಬೇಕು ಅತ್ತೆ. ನಾಳೆಯೊಳಗೆ ನೂರು ಮಾದರಿ ಕೊಡ್ಬೇಕು. ತೊಳೆದಿಡ್ತೀನಿ."

"ನೂರಾ? ಎಷ್ಟಾಗಿದೆ?"

"ಅರವತ್ತೆರಡು."

ಆದ್ರಿಯಾನು ಬೂಟು ಕಳಚುತ್ತ ಮೂಗರಳಿಸಿದ. "ಇವತ್ತು ಮೊಳೆ ಸೂಪಾ? ಒಳ್ಳೇದೇ, ಡಾಕ್ಟರು ನಂಗೆ ಕಬ್ಬಿಣ ಕಮ್ಮಿ ಅಂದಿದ್ರು."

"ನೀವು ಸುಮ್ನಿರಿ. ನಮ್ಮಮ್ಮ ಊರಿಂದ ಹೊತ್ಕೊಂಡು ಬಂದ ಪಾತ್ರೆ ಅದು!"

"ಹೋಗ್ಲಿ ಬಿಡೇ," ಎಂದಳು ಅಜ್ಜಿ ಮೂಲೆಯ ಕುರ್ಚಿಯಿಂದ, ಜಪಮಾಲೆಯ ಮಣಿ ಬಿಡದೆ. "ನಾನೇ ಅದರಲ್ಲಿ ಹಂದಿ ಕರುಳು ತೊಳೆದಿದೀನಿ."

ಪಾತ್ರೆಯ ತಳದ ಕಪ್ಪು ಹೋಗಲಿಲ್ಲ. ಮುಂದೆ ಕೇಲ್ ಸೊಪ್ಪಿನ ಸೂಪು ಮಾಡಿದಾಗಲೆಲ್ಲ ದಿಯೊಲಿಂದ ಒಂದು ಸಲ ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ನೂರು ಮಾದರಿಗಳ ವಿಮರ್ಶೆಯಾದ ದಿನ ಜಸಿಂತ ಊಟಕ್ಕೆ ಕೂತಳು. ಉಪ್ಪು ಮೀನು, ಬೇಯಿಸಿದ ಆಲೂಗಡ್ಡೆ ಮುಂದಿದ್ದರೂ ಫೋರ್ಕು ಅಲ್ಲೇ ಅಲ್ಲೇ ಸುತ್ತುತ್ತಿತ್ತು.

"ಹೇಗಾಯ್ತು?" ಎಂದ ಆದ್ರಿಯಾನು.

"ಗೋಡೆಗೆ ಹಾಕಿಸಿ ನಿಲ್ಲಿಸ್ತಾರೆ ಮಾವ. ಎಲ್ಲರೂ ಒಬ್ಬೊಬ್ಬರಾಗಿ ಹೇಳ್ತಾರೆ. ಹುಡುಗರೂ ಹೇಳ್ತಾರೆ, ಮೇಡಮ್ಮೂ ಹೇಳ್ತಾರೆ. ಕೋಲ್ಬಿ ಮೇಡಂ ಅಂದ್ರು, ತುಂಬಾ ಚೊಕ್ಕವಾಗಿದೆ, ಅಂಗಡೀಲಿ ಗಜದ ಲೆಕ್ಕದಲ್ಲಿ ಸಿಗೋ ಹಾಗಿದೆ, ಇದರಲ್ಲಿ ನೀನೆಲ್ಲಿದೀಯ ಅಂತ."

"ಚೊಕ್ಕವಾಗಿದ್ರೆ ತಪ್ಪಾ?" ದಿಯೊಲಿಂದಳಿಗೆ ಅರ್ಥವಾಗಲಿಲ್ಲ. "ನೀನೇನಂದೆ?"

"ಥ್ಯಾಂಕ್ಯೂ ಅಂದೆ."

"ಸರಿಯಾಗಿ ಮಾಡಿದೆ. ದೊಡ್ಡವರ ಎದುರು ಬಾಯಿ ಬಿಡ್ಬೇಡ. ನಮ್ಮ ಸೂಪರ್‌ವೈಸರ್ ಎಷ್ಟು ಬೈತಿದ್ದ ಗೊತ್ತಾ? ನಾನು ಒಂದು ದಿನ ತಲೆ ಎತ್ತಿದವಳಲ್ಲ. ಕೊನೆಗೆ ಅವನೇ ಕ್ರಿಸ್ಮಸ್ಸಿಗೆ ಹಂದಿ ತೊಡೆ ತಂದುಕೊಟ್ಟ."

"ಮೂಳೆನೇ ಜಾಸ್ತಿ ಇತ್ತು ಅದ್ರಲ್ಲಿ," ಎಂದಳು ಅಜ್ಜಿ.

ಹುಡುಗಿ ಅತ್ತೆಯ ಮಾತನ್ನು ನಡೆಸಿದಳು. ಫೆಬ್ರವರಿ ಪೂರ್ತಿ ಗೋಡೆಯ ಮುಂದೆ ನಿಂತು, ತಲೆ ತಗ್ಗಿಸಿ, ಥ್ಯಾಂಕ್ಯೂ ಎಂದು ಬಂದಳು. ಅವಳ ಮುಖ ಇಳಿಯಿತು. ಕಣ್ಣ ಕೆಳಗೆ ಕಪ್ಪಾಯಿತು. ಬಟ್ಟೆ ಒಗೆಯುವುದನ್ನು ಮರೆತಳು, ಕೋಣೆಯ ನೆಲದ ತುಂಬ ನೂಲಿನ ಚೂರು, ಕಾಫಿ ಲೋಟ. ದಿಯೊಲಿಂದ ಅವಳಿಲ್ಲದಾಗ ಹೋಗಿ ಗುಡಿಸಿ ಬರುವಳು. ಗುಡಿಸಿದ್ದರಲ್ಲಿ ಬೇಕಾದ ಚೂರೂ ಹೋಯಿತೆಂದು ಸಂಜೆ ಜಗಳವಾಗುವುದು.

ಮಾರ್ಚಿನಲ್ಲಿ ಸ್ಕೂಲಿನಿಂದ ಒಂದು ಕಾಗದ ಬಂತು. ಆದ್ರಿಯಾನು ಕನ್ನಡಕ ಹಾಕಿಕೊಂಡು ಊಟದ ಮೇಜಿನ ಮೇಲೆ ಓದಿದ: ಜಸಿಂತ ಚರ್ಚೆಯಲ್ಲಿ ಮಾತನಾಡುವುದಿಲ್ಲ, ತನ್ನ ಕೆಲಸವನ್ನು ತಾನೇ ಸಮರ್ಥಿಸಿಕೊಳ್ಳುವುದಿಲ್ಲ, ಹೀಗೇ ಆದರೆ ಉತ್ತೀರ್ಣಳಾಗುವುದಿಲ್ಲ. ಇನ್ನು ಉಳಿದದ್ದು ಕೊನೆಯ ಒಂದೇ ಕೆಲಸ. ಪಾಸೋ ಫೇಲೋ ಅದರಲ್ಲಿಯೇ.

"ಅಂದ್ರೆ ಮಾತಾಡಲಿಲ್ಲ ಅಂತ ಶಿಕ್ಷೆನಾ?" ಎಂದಳು ದಿಯೊಲಿಂದ. "ಎಂಥ ಸ್ಕೂಲದು?"

"ನೀವೇ ಅಲ್ವಾ ಬಾಯಿ ಬಿಡ್ಬೇಡ ಅಂದಿದ್ದು!" ಜಸಿಂತ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಅದು ಮಿಲ್ಲಲ್ಲ ಅತ್ತೆ! ಅಲ್ಲಿ ಯಾಕೆ ಮಾಡಿದೆ ಅಂತ ಕೇಳ್ತಾರೆ. ಯಾಕೆ, ಯಾಕೆ, ಯಾಕೆ! ನಿಮ್ಮನ್ನ ಯಾರಾದ್ರೂ ಒಂದು ದಿನ ಯಾಕೆ ಅಂತ ಕೇಳಿದ್ರಾ?"

"ಪರದೆ ಯಾಕೆ ಅಂತ ಕೇಳೋಕೆ ಹುಚ್ಚಾ ಅವರಿಗೆ? ಕಿಟಕಿಗೆ!"

"ನಿಮಗೆ ಅರ್ಥ ಆಗಲ್ಲ ಬಿಡಿ."

ಆ ಮಾತು ಮೇಜಿನ ಮೇಲೆ ಉಳಿಯಿತು. ಮರುದಿನ ಹುಡುಗಿ ಆಶೀರ್ವಾದ ಕೇಳದೆ ಹೋದಳು. ದಿಯೊಲಿಂದಳೂ ಅಂದಿನಿಂದ ಊಟಕ್ಕೆ ಕರೆಯುವುದನ್ನು ಬಿಟ್ಟಳು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ ಒಲೆಯ ಪಕ್ಕ ಇಟ್ಟು ಮಲಗುವಳು. ಬೆಳಗ್ಗೆ ತಟ್ಟೆ ಬರಿದಾಗಿ, ತೊಳೆದು, ಬೋರಲು ಹಾಕಿರುತ್ತಿತ್ತು. ಹದಿನೈದು ದಿನ ಅವರಿಬ್ಬರ ನಡುವೆ ಓಡಾಡಿದ್ದು ಆ ತಟ್ಟೆಯೊಂದೇ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಜಸಿಂತ ಅಜ್ಜಿಯ ಕುರ್ಚಿಯ ಬಳಿ ನೆಲದ ಮೇಲೆ ಕೂರತೊಡಗಿದಳು. ಮೊದಮೊದಲು ಜಪಕ್ಕೆ, ಆಮೇಲೆ ಮಾತಿಗೆ. ಮಿಲ್ಲಿನ ಕಿಟಕಿ ಎಷ್ಟು ಎತ್ತರ, ಚಳಿಗಾಲದಲ್ಲಿ ಬೆರಳಿಗೆ ಏನು ಸುತ್ತಿಕೊಳ್ಳುತ್ತಿದ್ದಿರಿ ಎಂದೆಲ್ಲ ಕೇಳುವಳು. ಒಂದು ಭಾನುವಾರ ಸಿಹಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಅತ್ತೆಯನ್ನೂ ಕೇಳಿದಳು, ತಲೆ ಎತ್ತದೆ:

"ಮಿಲ್ಲು ಮುಚ್ಚಿದ ದಿನ ಏನಾಯ್ತು ಅತ್ತೆ?"

ದಿಯೊಲಿಂದ ತುಸು ಹೊತ್ತು ಹಿಟ್ಟು ಗುದ್ದಿದಳು. ಆ ದಿನವನ್ನು ಅವಳು ಪಾದ್ರಿಯ ಮುಂದೆ ಬಿಟ್ಟರೆ ಯಾರ ಮುಂದೆಯೂ ಆಡಿದವಳಲ್ಲ.

"ಗುರುವಾರ. ಹನ್ನೊಂದಕ್ಕಿನ್ನೂ ಇಪ್ಪತ್ತು ನಿಮಿಷ ಇತ್ತು. ಯಾರೂ ಏನೂ ಹೇಳಿರಲಿಲ್ಲ. ಇದ್ದಕ್ಕಿದ್ದಂಗೆ ದೀಪ ಆರಿಹೋಯ್ತು. ಕೋಟು ತಗೊಂಡು ಹೊರಗೆ ಹೋಗಿ ಅಂದ್ರು. ನನ್ನ ತೊಡೆ ಮೇಲೆ ಹಸಿರು ಮಖಮಲ್ಲಿನ ಪರದೆ ಇತ್ತು, ಅರ್ಧ ಅಂಚು ಆಗಿತ್ತು. ಇದೊಂದು ಮುಗಿಸಿಕೊಡ್ತೀನಿ ಸ್ವಾಮಿ, ಬಾಗಿಲ ಹತ್ರ ಬೆಳಕಿದೆ ಅಂದೆ. ಬಿಡಲಿಲ್ಲ. ಸೂಜಿ ಚುಚ್ಚಿದ್ದಲ್ಲೇ ಬಿಟ್ಟು ಬಂದೆ." ಅವಳು ಹಿಟ್ಟಿನ ಕೈಯ ಹಿಂಭಾಗದಿಂದ ಮೂಗೊರೆಸಿಕೊಂಡಳು. "ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಅಂಚು ಅರ್ಧಕ್ಕೆ ಬಿಟ್ಟವಳಲ್ಲ ನಾನು. ಈಗಲೂ ಕನಸಲ್ಲಿ ಬರುತ್ತೆ."

ಮರುದಿನವೇ ಜಸಿಂತ ಸ್ಕೂಲಿನ ಮಗ್ಗಕ್ಕೆ ನೇಯಲು ನೂಲಿನ ಹಾಸು ಏರಿಸಿದಳು ಎಂಬುದು ಮನೆಯವರಿಗೆ ತಿಳಿದದ್ದು ಆಮೇಲೆ.

ಏಪ್ರಿಲ್ ಕೊನೆಗೆ ಅವಳು ಆರು ಪಟ್ಟಿ ಬಟ್ಟೆ ಹೊತ್ತು ತಂದಳು. ಒಂದೊಂದೂ ಹನ್ನೊಂದಡಿ ಉದ್ದ, ದಟ್ಟ ಹಸಿರು. ಅಡುಗೆಮನೆಯ ನೆಲದ ಮೇಲೆ ಹಾಸಿ ಪಕ್ಕಪಕ್ಕ ಕೂಡಿಸತೊಡಗಿದಳು. ಕೆಳಗಡೆ ಹಾಸಿನ ನೂಲನ್ನು ಮೊಳದುದ್ದ ಹಾಗೇ ಇಳಿಬಿಟ್ಟಿದ್ದಳು.

"ಪರದೆ!" ಎಂದಳು ದಿಯೊಲಿಂದ, ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಸಂತೋಷ. "ಕೊಡು ಇಲ್ಲಿ, ಆ ಕೊನೆಯಿಂದ ನಾನು ಬರ್ತೀನಿ, ಈ ಕೊನೆಯಿಂದ ನೀನು."

"ಬೇಡ ಅತ್ತೆ. ಕಾಗದಕ್ಕೆ ಸಹಿ ಹಾಕಿದೀನಿ. ನೂಲಿಂದ ಹಿಡಿದು ಎಲ್ಲಾ ನನ್ನ ಕೈಯಲ್ಲೇ ಆಗ್ಬೇಕು. ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ."

"ಇನ್ನೊಬ್ಬರು ಅಂದ್ರೆ ಹೊರಗಿನವರು. ನಾನು ಇನ್ನೊಬ್ಬಳಾ?"

ಜಸಿಂತಳ ಬಾಯಲ್ಲಿ ಸಾಲು ಗುಂಡುಸೂಜಿ ಇದ್ದವು, ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ದಿಯೊಲಿಂದಳಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಮೇ ಎರಡನೆಯ ಭಾನುವಾರ ಕಿರೀಟ ಬಂತು. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ, ಹೂವು, ಮೇಣದ ಬತ್ತಿಗಳ ಮೆಟ್ಟಿಲು ಮೆಟ್ಟಿಲಾದ ಪೀಠ. ಅದರ ತುದಿಯಲ್ಲಿ ಕಿರೀಟ, ಕಿರೀಟದ ನೆತ್ತಿಯಲ್ಲಿ ಬೆಳ್ಳಿಯ ಪಾರಿವಾಳ. ವಾರವಿಡೀ ಪ್ರತಿ ಸಂಜೆ ನೆರೆಯವರು ಜಪಕ್ಕೆ ಬರುವರು; ಜಪ ಮುಗಿದ ಮೇಲೆ ಕಾಫಿ, ಸಿಹಿ ಬ್ರೆಡ್ಡು, ಚೀಸು. ಅದೇ ವಾರದ ಗುರುವಾರ ಮಧ್ಯಾಹ್ನ ಜಸಿಂತಳ ಕೊನೆಯ ವಿಮರ್ಶೆ.

ಮಂಗಳವಾರ ಸಂಜೆ ನಲವತ್ತು ಜನ ಮನೆ ತುಂಬಿದ್ದರು. ಜಸಿಂತ ಕೋಣೆಯ ಬಾಗಿಲು ತೆಗೆಯಲಿಲ್ಲ. ಕಾಫಿ ತಟ್ಟೆ ಹಿಡಿದು ದಿಯೊಲಿಂದ ಒಬ್ಬಳೇ ಓಡಾಡಿದಳು.

"ಅಣ್ಣನ ಮಗಳು ಇದಾಳೆ ಅಂದಿದ್ರಲ್ಲ?" ಎಂದಳು ಕೆಳಮನೆಯ ಒಬ್ಬಾಕೆ. "ಪವಿತ್ರಾತ್ಮ ಮನೆಗೆ ಬಂದ್ರೂ ಎದ್ದು ಬರಲ್ವಾ?"

ಜನ ಹೋದ ಮೇಲೆ ದಿಯೊಲಿಂದ ಕೋಣೆಯ ಬಾಗಿಲು ದೂಡಿದಳು.

"ಇಪ್ಪತ್ತು ವರ್ಷ ಕಾದೆ ನಾನು ಈ ವಾರಕ್ಕೆ! ಹತ್ತು ನಿಮಿಷ ಬಂದು ಮೊಣಕಾಲೂರೋಕೆ ನಿಂಗೆ ಆಗಲ್ವಾ?"

"ಎರಡು ದಿನ ಇದೆ ಅತ್ತೆ. ಎರಡೇ ದಿನ."

"ದೇವರಿಗಿಂತ ಆ ಕೋಲ್ಬಿ ದೊಡ್ಡವಳಾದಳಾ?"

"ದೇವರು ನನ್ನ ಫೇಲ್ ಮಾಡಲ್ಲ!" ಎಂದು ಹುಡುಗಿ ಚೀರಿದಳು, ಆಮೇಲೆ ತಾನೇ ಬೆದರಿ ಬಾಯಿಗೆ ಕೈ ಇಟ್ಟುಕೊಂಡಳು.

ಬುಧವಾರದ ಜಪಕ್ಕೆ ಅವಳು ಬಂದಳು. ಎಲ್ಲರ ಹಿಂದೆ ಕೂತು, ಪರದೆಯ ಒಂದು ತುದಿಯನ್ನು ತೊಡೆಯ ಮೇಲೆಳೆದುಕೊಂಡು, ಪ್ರತಿ ಮಣಿಗೆ ಒಂದು ಹೊಲಿಗೆ ಹಾಕುತ್ತ ತುಟಿ ಆಡಿಸಿದಳು. ಆಮೇಲೆ ಕಾಫಿ ಕೊಟ್ಟಳು, ಲೋಟ ತೊಳೆದಳು. ದಿಯೊಲಿಂದಳ ಮನಸ್ಸು ಕರಗಿತು. ಮಂಗಳವಾರದ ಮಾತು ಆಡಬಾರದಿತ್ತು ಎಂದು ಅವಳು ಕಿರೀಟದ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದಳು. ಈ ಮಗುವಿಗೆ ಏನಾದರೂ ಒಂದು ಮಾಡುವ ಹಾಗೆ ನನಗೆ ದಾರಿ ತೋರಿಸು ಎಂದು ಬೇಡಿಕೊಂಡಳು.

ಮಿಲ್ಲಿನ ಅಭ್ಯಾಸದಿಂದ ಅವಳಿಗೆ ಎಚ್ಚರವಾಗುವುದು ಐದಕ್ಕೆ. ಗುರುವಾರ ಎದ್ದು ಬಂದಾಗ ಜಸಿಂತ ಇನ್ನೂ ಬಟ್ಟೆ ಬದಲಿಸದೆ ಅಡುಗೆಮನೆಯಲ್ಲಿ ನಿಂತಿದ್ದಳು.

"ನಾನು ಮಲಗ್ತೀನಿ ಅತ್ತೆ. ಒಂಬತ್ತಕ್ಕೆ ಎಬ್ಬಿಸಿ. ಆಗಿದ್ದಾಯ್ತು."

ಹುಡುಗಿ ಮುಖ ಕೆಳಗೆ ಮಾಡಿ ಮಂಚದ ಮೇಲೆ ಬಿದ್ದಳು. ಪರದೆ ಮೇಜಿನ ಮೇಲಿತ್ತು. ದಿಯೊಲಿಂದ ದೀಪ ಹಾಕಿ ಅಂಚನ್ನು ಕೈಗೆತ್ತಿಕೊಂಡಳು. ಎಡ ತುದಿಯಿಂದ ಆರಡಿ ಅಂಚು ಮಡಿಸಿ ಹೊಲಿದಿತ್ತು. ಪುಟ್ಟ ಪುಟ್ಟ ಹೊಲಿಗೆ, ತುಸು ಓರೆ, ಆದರೂ ಶ್ರದ್ಧೆಯದು. ನಟ್ಟ ನಡುವೆ ಸೂಜಿ ಚುಚ್ಚಿದ ಹಾಗೇ ನಿಂತಿತ್ತು. ಅಲ್ಲಿಂದಾಚೆ ಇನ್ನೂ ಆರಡಿ ಬರೀ ಬಿಚ್ಚು ನೂಲು.

"ಅಯ್ಯೋ ಕಂದಾ," ಎಂದಳು ಅವಳು ಗಟ್ಟಿಯಾಗಿಯೇ. "ನಿದ್ದೆ ತಡೀಲಾರದೆ ಅರ್ಧಕ್ಕೆ ಬಿಟ್ಟುಬಿಟ್ಟೆಯಾ?"

ಅವಳು ಕಿರೀಟದ ಕಡೆ ನೋಡಿದಳು. ಬೇಡಿಕೊಂಡದ್ದಕ್ಕೆ ಇಷ್ಟು ಬೇಗ ಉತ್ತರ ಬರುವುದೆಂದು ಅವಳು ಎಣಿಸಿರಲಿಲ್ಲ.

ಮಣಿಕಟ್ಟಿನ ಪಟ್ಟಿ ಬಿಚ್ಚಿ, ಬಿಸಿನೀರಲ್ಲಿ ಕೈ ಅದ್ದಿ, ಕನ್ನಡಕ ಏರಿಸಿ ಕೂತಳು. ಮೊದಲು ಕತ್ತರಿಯಿಂದ ಇಳಿಬಿದ್ದ ನೂಲನ್ನೆಲ್ಲ ಸಮ ಮಾಡಿ ಕತ್ತರಿಸಿದಳು. ಆಮೇಲೆ ಮಡಿಕೆ, ಮಡಿಕೆಯ ಮೇಲೆ ಮಡಿಕೆ. ಹುಡುಗಿಯ ಸೂಜಿಯನ್ನೇ ಹಿಡಿದು ಹೊರಟಳು. ಮೊದಲ ಒಂದಡಿಗೆ ನೋವು ಮೊಣಕೈವರೆಗೆ ಏರಿತು. ಆಮೇಲೆ ಕೈಗೆ ತನ್ನ ಹಳೆಯ ನಡೆ ನೆನಪಾಯಿತು. ಫಿಲೊಮೆನಜ್ಜಿ ಎದ್ದು ಬಂದು ಎದುರು ಕೂತಳು, ಕತ್ತರಿಸಿದ ನೂಲನ್ನು ಸುಮ್ಮನೆ ಒಗ್ಗೂಡಿಸಿ ಬಿಸ್ಕತ್ತಿನ ಡಬ್ಬಕ್ಕೆ ತುಂಬಿದಳು. ಸೂಜಿದಿಂಬಿಗೆ ಆಗುತ್ತದೆಂದು ಅವಳು ಎಂದೂ ನೂಲು ಎಸೆದವಳಲ್ಲ. ಕಿಟಕಿಯ ಹೊರಗೆ ಬೆಳಕು ಹರಿಯಿತು. ಆರು ವರ್ಷದಲ್ಲಿ ದಿಯೊಲಿಂದ ಅಷ್ಟು ಹಗುರವಾಗಿ ಎಂದೂ ಕೂತಿರಲಿಲ್ಲ.

ಎಂಟೂವರೆಗೆ ಕೊನೆಯ ಗಂಟು ಬಿತ್ತು. ಇಸ್ತ್ರಿ ಮಾಡಿ, ಕೋಲಿಗೆ ಸುತ್ತಿ, ಮೇಲೆ ಬಿಳಿ ಹಾಸಿಗೆ ಬಟ್ಟೆ ಹೊದಿಸಿ ಕಟ್ಟಿದಳು.

"ಸುತ್ತಿಟ್ಟಿದೀನಿ, ಬಿಚ್ಚಬೇಡ, ಸುಕ್ಕು ಬೀಳುತ್ತೆ," ಎಂದಳು ಎದ್ದು ಬಂದ ಹುಡುಗಿಗೆ. ನಗು ತಡೆಯಲಾಗುತ್ತಿರಲಿಲ್ಲ. "ಅಲ್ಲೇ ನೋಡುವೆಯಂತೆ."

ಜಸಿಂತ ಕೋಲನ್ನು ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು, ಎರಡು ತಿಂಗಳ ಮೇಲೆ, "ಆಶೀರ್ವಾದ ಮಾಡಿ ಅತ್ತೆ" ಅಂದಳು. ಆಮೇಲೆ, "ನೀವೂ ಬನ್ನಿ, ಮಾವನನ್ನೂ ಕರ್ಕೊಂಡು ಬನ್ನಿ. ಎರಡು ಗಂಟೆಗೆ. ನೀವು ನೋಡ್ಬೇಕು" ಅಂದಳು.

ಆದ್ರಿಯಾನು ರಜೆ ಹಾಕಿ ಇಗರ್ಜಿಗೆ ಹೋಗುವ ಕೋಟು ತೊಟ್ಟ. ದಿಯೊಲಿಂದ ಕರಿಯ ಉಡುಪಿನಲ್ಲಿ, ತೊಡೆಯ ಮೇಲೆ ಸಿಹಿ ಬ್ರೆಡ್ಡಿನ ಬುಟ್ಟಿ ಇಟ್ಟುಕೊಂಡು, ಎತ್ತರದ ಬಿಳಿ ಕೋಣೆಯ ಕೊನೆಯ ಸಾಲಿನಲ್ಲಿ ಕೂತಳು. ಕೋಲ್ಬಿ ಮೇಡಂ ಅವಳೆಣಿಸಿದಂತೆ ರಾಕ್ಷಸಿಯಾಗಿರಲಿಲ್ಲ. ತನ್ನದೇ ವಯಸ್ಸಿನ, ಮಂಡಿ ನೋವಿನ ಹೆಂಗಸು. ಅವಳ ಪಕ್ಕ ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು. ಗೋಡೆಗೆ ಮೊದಲೇ ಒಂದು ಸಣ್ಣ ಕಾರ್ಡು ಅಂಟಿಸಿತ್ತು.

ಜಸಿಂತ ಮುಂದೆ ಬಂದು ನಿಂತಳು. ಇಬ್ಬರು ಹುಡುಗರು ಏಣಿ ಹತ್ತಿ ಕೋಲನ್ನು ಕೊಕ್ಕೆಗೆ ಸಿಕ್ಕಿಸಿ ಪರದೆಯನ್ನು ಬಿಟ್ಟರು. ಹಸಿರು ಬಟ್ಟೆ ಹನ್ನೊಂದಡಿ ಎತ್ತರದಿಂದ ಒಂದೇ ಉಸಿರಿಗೆ ಇಳಿದು, ನೆಲದಿಂದ ಮೊಳದೆತ್ತರದಲ್ಲಿ, ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು.

ದಿಯೊಲಿಂದ ಗಂಡನ ಮೊಣಕೈ ತಿವಿದಳು. ಆಮೇಲೆ ಹುಡುಗಿಯ ಮುಖ ನೋಡಿದಳು.

ಜಸಿಂತ ಅಂಚನ್ನೇ ನೋಡುತ್ತಿದ್ದಳು. ಅವಳ ಕೈ ಒಮ್ಮೆ ಮುಂದೆ ಹೋಗಿ, ಇಲ್ಲದ ನೂಲನ್ನು ಹುಡುಕುವ ಹಾಗೆ ಗಾಳಿಯಲ್ಲಿ ಆಡಿ, ಹಿಂದಕ್ಕೆ ಬಂತು. ನಿಧಾನಕ್ಕೆ ತಿರುಗಿ ಕೊನೆಯ ಸಾಲಿನತ್ತ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ದಿಯೊಲಿಂದಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಕೋಲ್ಬಿ ಮೇಡಂ ಎದ್ದು ಹೋಗಿ ಕಾರ್ಡನ್ನು ಗಟ್ಟಿಯಾಗಿ ಓದಿದಳು.

"ಅರ್ಧ ಅಂಚು. ನನ್ನ ಅತ್ತೆ ದಿಯೊಲಿಂದಳಿಗೆ. ಮಿಲ್ಲಿನ ದೀಪ ಆರಿಸಿದಾಗ ಅವಳ ಸೂಜಿ ನಿಂತಲ್ಲೇ ಈ ಸೂಜಿಯೂ ನಿಲ್ಲುತ್ತದೆ. ಇಳಿಬಿಟ್ಟ ನೂಲು ಅವಳಿಗೆ ಮುಗಿಸಲು ಬಿಡದೇ ಹೋದದ್ದು."

ಮೇಡಂ ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿದಳು.

"ಕಾರ್ಡು ಒಂದು ಹೇಳುತ್ತೆ, ಬಟ್ಟೆ ಇನ್ನೊಂದು ಹೇಳುತ್ತೆ. ಸೂಜಿ ಎಲ್ಲಿ? ಇದು ಪೂರ್ತಿ ಆಗಿದೆಯಲ್ಲ. ಈ ಅರ್ಧ ಆ ಅರ್ಧಕ್ಕಿಂತ ಎಷ್ಟೋ ಚೆನ್ನಾಗಿದೆ. ಯಾರು ಹೊಲಿದಿದ್ದು?"

ದಿಯೊಲಿಂದ ಕುರ್ಚಿಯಿಂದ ಅರ್ಧ ಎದ್ದಳು. "ಹೇಳು," ಎಂದ ಆದ್ರಿಯಾನು ಪಿಸುದನಿಯಲ್ಲಿ, "ಲಿಂದಾ, ಎದ್ದು ಹೇಳು." ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಮೂರು ಮಾತು ಸಾಕಿತ್ತು. ಆದರೆ ಮೇಲಿನವರು ಕೇಳುತ್ತಿರುವಾಗ ತಲೆ ತಾನಾಗಿ ತಗ್ಗಿತು. ಇಪ್ಪತ್ತೊಂಬತ್ತು ವರ್ಷ ಪಳಗಿದ ಕತ್ತು ಅದು. ಬುಟ್ಟಿಯ ಹಿಡಿಯನ್ನು ಹಿಸುಕುತ್ತ ಅವಳು ಮತ್ತೆ ಕೂತಳು.

"ನಾನೇ," ಎಂದಳು ಜಸಿಂತ.

ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ಆ ಗೋಡೆಯ ಮುಂದೆ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು. "ನಾನೇ ಬೆಳಗ್ಗೆ ಮುಗಿಸಿದೆ. ಅರ್ಧಕ್ಕೆ ಬಿಟ್ರೆ ಕೆಲಸ ಬರಲ್ಲ ಅಂತೀರೇನೋ ಅಂತ ಹೆದರಿಕೆಯಾಯ್ತು."

ಮೇಡಂ ಅಂಚನ್ನು ಕೈಯಿಂದ ಬಿಟ್ಟಳು. "ಈ 'ಯಾಕೆ' ಅನ್ನೋದಕ್ಕೆ ನಿನ್ನ ಹತ್ತಿರ ಮೊದಲ ಸಲ ಒಂದು ಉತ್ತರ ಇತ್ತು," ಎಂದಳು. "ಅದನ್ನೂ ಮಡಿಸಿ ಹೊಲಿದುಬಿಟ್ಟೆ."

"ಥ್ಯಾಂಕ್ಯೂ," ಎಂದಳು ಜಸಿಂತ.

ಹಿಂದಿರುಗುವಾಗ ಕಾರು ಸೇತುವೆ ದಾಟಿತು. ಬ್ರೆಡ್ಡಿನ ಬುಟ್ಟಿ ಮುಟ್ಟದೆ ಹಾಗೇ ಇತ್ತು.

"ಯಾಕೆ ನನ್ನ ಹೆಸರು ಹೇಳಲಿಲ್ಲ?" ಎಂದಳು ದಿಯೊಲಿಂದ ಕಡೆಗೆ.

"ಹೇಳಿದ್ರೆ ಬೇರೆಯವರ ಕೈ ಅಂತ ಸ್ಕೂಲಿಂದಲೇ ತೆಗೀತಿದ್ರು ಅತ್ತೆ. ಈಗ ಬರೀ ಫೇಲು."

"ನೀನು ನಂಗೆ ಒಂದು ಮಾತು ಹೇಳಬಾರದಾಗಿತ್ತಾ? ನಂಗೋಸ್ಕರ ಅಂತ?"

ಜಸಿಂತ ಕಿಟಕಿಯ ಗಾಜಿಗೆ ಹಣೆ ಒತ್ತಿದ್ದಳು. "ನೀವು ಅಲ್ಲೇ ನೋಡ್ಲಿ ಅಂತ ಇದ್ದೆ," ಎಂದಳು. ಆಮೇಲೆ, "ಬೆಳಗ್ಗೆ ನೀವೂ ಹಾಗೇ ಅಂದಿರಲ್ಲ" ಎಂದಳು.

ಅಂದಿನ ಸಂಜೆಯೂ ಜಪಕ್ಕೆ ನಲವತ್ತು ಜನ ಬಂದರು. ಜಸಿಂತ ಕಾಫಿ ಕೊಟ್ಟಳು. "ಈಗ ನೋಡಿ ಎಷ್ಟು ಒಳ್ಳೇ ಹುಡುಗಿ," ಎಂದಳು ಕೆಳಮನೆಯಾಕೆ.

ಸೋಮವಾರ, ಕಿರೀಟ ಮುಂದಿನ ಮನೆಗೆ ಹೋದ ಮರುದಿನ, ದಿಯೊಲಿಂದ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಕೈಯಲ್ಲಿ ಹೊಸದಾಗಿ ಬೇಯಿಸಿದ ಬ್ರೆಡ್ಡು. ಕೋಲ್ಬಿ ಮೇಡಮ್ಮಿನ ಕೋಣೆಯ ಹೊರಗೆ ಒಂದು ಗಂಟೆ ಕಾದು, ಒಳಗೆ ಹೋಗಿ, ನಿಂತೇ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದನ್ನೆಲ್ಲ ಹೇಳಿದಳು. ಮಿಲ್ಲು, ತಾಯಿ, ಎರಡು ತುದಿ, ಕತ್ತರಿ. ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ತೋರಿಸಿದಳು.

ಮೇಡಂ ಆ ಕೈಗಳನ್ನು ನೋಡಿದಳು. "ಕೂತ್ಕೊಳ್ಳಿ," ಎಂದಳು. "ನನಗೆ ಅನುಮಾನ ಇತ್ತು. ಆ ವಯಸ್ಸಿನ ಕೈಗೆ ಆ ಹೊಲಿಗೆ ಬರಲ್ಲ."

"ಹಾಗಾದ್ರೆ ಪಾಸು ಮಾಡಿ."

"ಅಂಕ ಹೋಗಿಬಿಟ್ಟಿದೆ. ನೀವು ಹೇಳಿದ್ದನ್ನ ನಾನು ಬರ್ಕೊಂಡ್ರೆ, ಅವಳು ಸಹಿ ಮಾಡಿದ ಕಾಗದ ಸುಳ್ಳಾಗುತ್ತೆ, ಅವತ್ತು ಎಲ್ಲರೆದುರು ಆಡಿದ್ದೂ ಸುಳ್ಳಾಗುತ್ತೆ. ಈಗ ಅವಳ ಊರಿಗೆ ಬರೀ ಫೇಲು ಅಂತ ಹೋಗುತ್ತೆ. ಆಗ ಮೋಸ ಅಂತ ಹೋಗುತ್ತೆ." ಮೇಡಂ ಪೆನ್ನು ಕೈಗೆತ್ತಿಕೊಂಡು ಹಾಗೇ ಹಿಡಿದಳು. "ಬರ್ಕೊಂಡ ಮೇಲೆ ನಾನು ಕಣ್ಣು ಮುಚ್ಚೋ ಅಧಿಕಾರ ಇರೋಳಲ್ಲ. ಬರ್ಕೊಳ್ಳಲಾ?"

ದಿಯೊಲಿಂದ ಮೇಜಿನ ಮೇಲಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಬೇಡ."

"ಹಾಗಾದ್ರೆ ನೀವು ಬ್ರೆಡ್ಡು ಕೊಡೋಕೆ ಬಂದಿದ್ರಿ," ಎಂದಳು ಮೇಡಂ ಮೆಲ್ಲಗೆ. ಪೆನ್ನನ್ನು ಕೆಳಗಿಟ್ಟಳು.

ಜಸಿಂತ ಜೂನ್ ಮೊದಲ ವಾರ ಹೊರಟಳು. ವಿದ್ಯಾರ್ಥಿವೇತನ ನಿಂತಿತೆಂದು ಪೋರ್ತೊದಿಂದ ಕಾಗದ ಬಂದಿತ್ತು. ಊರಿನ ಚೀಸ್ ಫ್ಯಾಕ್ಟರಿಯಲ್ಲಿ ಅಪ್ಪ ಹೇಳಿಟ್ಟಿದ್ದಾನಂತೆ, ಪ್ಯಾಕಿಂಗ್ ವಿಭಾಗ. ಕೋಣೆಯನ್ನು ಅವಳೇ ಗುಡಿಸಿ ಒರೆಸಿದಳು. ಸೂಪಿನ ಪಾತ್ರೆಯನ್ನು ಬೂದಿ ಹಾಕಿ ಅರ್ಧ ದಿನ ಉಜ್ಜಿದಳು. ಕಪ್ಪು ತುಸು ತಿಳಿಯಾಯಿತು, ಹೋಗಲಿಲ್ಲ.

"ಪರದೆ?" ಎಂದಳು ದಿಯೊಲಿಂದ.

"ಸೂಟ್‌ಕೇಸಲ್ಲಿ ಹಿಡಿಯಲ್ಲ ಅತ್ತೆ. ಅದು ನಿಮ್ಮದೇ."

ವಿಮಾನ ನಿಲ್ದಾಣದಲ್ಲಿ ಅವಳು ತಲೆ ಬಾಗಿಸಿ ಆಶೀರ್ವಾದ ಕೇಳಿದಳು. ದಿಯೊಲಿಂದ ಹಣೆ ಮುಟ್ಟಿದಳು. ಮೂರು ಶಬ್ದದ ಆ ಹಾರೈಕೆ ಅರ್ಧಕ್ಕೇ ನಿಂತಿತು. ಹುಡುಗಿ ಒಂದು ಗಳಿಗೆ ಕಾದಳು, ಆಮೇಲೆ ಸಾಲಿನಲ್ಲಿ ಮುಂದೆ ಹೋದಳು.

ಮರುದಿನ ಮಧ್ಯಾಹ್ನ, ತೊಳೆದ ಪಾತ್ರೆಗಳೆಲ್ಲ ಒಣಗಿದ ಮೇಲೆ, ದಿಯೊಲಿಂದ ಪರದೆಯನ್ನು ಮೇಜಿನ ಮೇಲೆ ಹರವಿದಳು. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಹುಡುಕಿ ತಂದು ಬಲ ತುದಿಯಿಂದ ಶುರು ಮಾಡಿದಳು. ತನ್ನ ಹೊಲಿಗೆಯನ್ನು ತಾನೇ ಬಿಚ್ಚುವುದು ಹೊಲಿದದ್ದಕ್ಕಿಂತ ಕಷ್ಟದ್ದಾಗಿತ್ತು; ಅಷ್ಟು ಬಿಗಿಯಾಗಿ ಹಾಕಿದ್ದಳು. ಆರಡಿ ಬಿಚ್ಚುವ ಹೊತ್ತಿಗೆ ಸೂರ್ಯ ಸಿಂಕಿನ ಕಿಟಕಿಗೆ ಬಂದಿದ್ದ. ಓರೆ ಹೊಲಿಗೆ ಕಂಡ ಕೂಡಲೆ ನಿಲ್ಲಿಸಿದಳು. ಅಜ್ಜಿಯ ಬಿಸ್ಕತ್ತಿನ ಡಬ್ಬ ತೆಗೆದು, ಕತ್ತರಿಸಿದ ಹಸಿರು ನೂಲನ್ನು ಕೈಯಲ್ಲಿ ಹಿಡಿದು ನೋಡಿದಳು. ಒಂದನ್ನು ಬಟ್ಟೆಯ ಅಂಚಿಗೆ ಆನಿಸಿದಳು. ಅದು ಜಾರಿ ಬಿತ್ತು. ಇನ್ನೊಂದನ್ನು ಆನಿಸಲಿಲ್ಲ.

ಸೂಜಿಗೆ ದಾರ ಪೋಣಿಸಿ, ಹುಡುಗಿಯ ಕೊನೆಯ ಹೊಲಿಗೆಯ ಪಕ್ಕದಲ್ಲಿ ಚುಚ್ಚಿ, ಕೈ ತೆಗೆದಳು.

ಫಿಲೊಮೆನಜ್ಜಿ ಕುರ್ಚಿಯಿಂದ ಕತ್ತು ಚಾಚಿ ನೋಡುತ್ತಿದ್ದಳು. "ಅರ್ಧ ಹಾಗೇ ಇದೆಯಲ್ಲೇ," ಎಂದಳು. "ಬೆಳಕಿನ್ನೂ ಇದೆ."

"ಇದೆಯಮ್ಮ," ಎಂದಳು ದಿಯೊಲಿಂದ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತ. ಆಮೇಲೆ ಎದ್ದು ರಾತ್ರಿಯ ಅಡುಗೆಗೆ ಮೂವರಿಗಾಗುವಷ್ಟು ಆಲೂಗಡ್ಡೆ ತೆಗೆದಳು.